ತಿರುಗಿಸಿ ನೋಡಿ: ಹಳೇ ಬಾಹ್ಯಾಕಾಶ ಪ್ಯಾಚ್ ಗುರುತಿಸುವುದು ಹೇಗೆ?

ಗಗನಯಾತ್ರಿಗಳ ತಂಡ ತನ್ನ ಯಾನಕ್ಕೆಂದು ಮಾಡಿಸಿ ಬಟ್ಟೆಯ ಮೇಲೆ ಹಾಕಿಕೊಳ್ಳುವ ಲಾಂಛನಕ್ಕೆ ಪ್ಯಾಚ್ ಎನ್ನುತ್ತಾರೆ. ಪರಿಚಯದ ಹುಡುಗನೊಬ್ಬ ಅಪೊಲೊ 11ರ ಕಸೂತಿ ಪ್ಯಾಚ್ ಕೊಂಡು ತಂದು ತೋರಿಸಿದ. 1969ರದ್ದು ಎಂದು ಮಾರಿದವರು ಹೇಳಿದ್ದರಂತೆ. ಹದ್ದು ಚೆನ್ನಾಗಿತ್ತು, ಚಂದ್ರನೂ ಚೆನ್ನಾಗಿತ್ತು. ತಿರುಗಿಸಿದರೆ ಹಿಂದೆ ಹೊಚ್ಚ ಹೊಸ ವೆಲ್ಕ್ರೊ! ಅವನು ಕೊಳ್ಳುವ ಮೊದಲು ಹಿಂಬದಿ ನೋಡಿರಲೇ ಇಲ್ಲ. ಇದೇ ತಪ್ಪನ್ನು ಎಷ್ಟೋ ಜನ ಮಾಡುವುದನ್ನು ಕಂಡಿದ್ದೇನೆ. ಅದಕ್ಕೇ ಈ ಲೇಖನ.

1. ಯಾವ ಯಾನದ್ದು ಎಂದು ಗುರುತಿಸಿ. ಇದು ಸುಲಭ. ಹೆಚ್ಚಿನ ಪ್ಯಾಚ್‌ಗಳ ಮೇಲೆ ಗಗನಯಾತ್ರಿಗಳ ಹೆಸರೇ ಇರುತ್ತದೆ. ಅಪೊಲೊ ಯಾನಗಳಲ್ಲಿ 11 ಮತ್ತು 13ರ ಮೇಲೆ ಮಾತ್ರ ಹೆಸರಿಲ್ಲ. 13ರಲ್ಲಿ ಇದು ಅನುಕೂಲವೇ ಆಯಿತು. ಹಾರುವ ಕೆಲವೇ ದಿನ ಮೊದಲು ಮ್ಯಾಟಿಂಗ್ಲಿ ಬದಲು ಸ್ವಿಗರ್ಟ್ ತಂಡಕ್ಕೆ ಬಂದರು, ಪ್ಯಾಚ್ ಬದಲಿಸಬೇಕಾಗಲಿಲ್ಲ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನ ಪ್ಯಾಚ್‌ಗಳಲ್ಲಿ ಸ್ವಲ್ಪ ಹುಷಾರಾಗಿರಿ. 1973ರಲ್ಲಿ ಅಲ್ಲಿಗೆ ಹೋದ ಮೊದಲ ತಂಡದ ಯಾನಕ್ಕೆ ನಾಸಾ ದಾಖಲೆಯಲ್ಲಿ ಸ್ಕೈಲ್ಯಾಬ್ 2 ಎಂದಿದೆ. ಪ್ಯಾಚ್ ಮೇಲೆ ಮಾತ್ರ ರೋಮನ್ ಒಂದು.

2. ಆ ಕಾಲದಲ್ಲಿ ಅಂಥ ಪ್ಯಾಚ್ ಇತ್ತಾ ಎಂದು ಕೇಳಿ. ಅಮೆರಿಕದ ಯಾನಗಳಲ್ಲಿ ತಂಡದ ಪ್ಯಾಚ್ ಶುರುವಾಗಿದ್ದು 1965ರ ಆಗಸ್ಟ್‌ನಲ್ಲಿ, ಜೆಮಿನಿ 5ರಿಂದ. ಕೂಪರ್ ಮತ್ತು ಕಾನ್ರಾಡ್ ಕಮಾನು ಹೊದಿಕೆಯ ಬಂಡಿಯ ಚಿತ್ರ ಹಾಕಿಸಿಕೊಂಡರು. ಬಂಡಿಯ ಮೇಲೆ 'ಎಂಟು ದಿನ, ಇಲ್ಲವೇ ಸೋಲು' ಎಂಬ ಅರ್ಥದ ಮಾತಿತ್ತು. ಎಂಟು ದಿನ ಪೂರೈಸದಿದ್ದರೆ ಸೋತೆವು ಎಂದಾಗುತ್ತದಲ್ವಾ? ನಾಸಾ ಮುಖ್ಯಸ್ಥ ಜೇಮ್ಸ್ ವೆಬ್ ಅದರ ಮೇಲೆ ಬಟ್ಟೆ ಮುಚ್ಚಿಸಿದರು. ಜೆಮಿನಿಗೂ ಮೊದಲಿನ, ಒಬ್ಬೊಬ್ಬರೇ ಹೋದ ಮರ್ಕ್ಯುರಿ ಯಾನಗಳಿಗೆ ಪ್ಯಾಚೇ ಇರಲಿಲ್ಲ. ಈಗ ಸಿಗುವ ಮರ್ಕ್ಯುರಿ ಪ್ಯಾಚ್‌ಗಳೆಲ್ಲ ಆಮೇಲೆ ಮಾಡಿದ ನೆನಪಿನ ವಸ್ತುಗಳು. 'ಮರ್ಕ್ಯುರಿಯಲ್ಲಿ ಹಾರಿದ ಜಾನ್ ಗ್ಲೆನ್ ಹಾಕಿಕೊಂಡಿದ್ದು' ಎಂದು ಯಾರಾದರೂ ಹೇಳಿದರೆ ಸುಮ್ನೆ ಕೆಳಗಿಟ್ಟು ಬನ್ನಿ.

'ಚಂದ್ರನಿಗೆ ಹೋಗಿ ಬಂದ ಕಸೂತಿ' ಎಂಬ ಮಾತನ್ನೂ ನಂಬಬೇಡಿ. 1967ರ ಜನವರಿಯಲ್ಲಿ ಅಪೊಲೊ 1ರಲ್ಲಿ ಬೆಂಕಿ ಬಿದ್ದು ಮೂವರು ಸತ್ತರು. ಆಮೇಲೆ ಬಟ್ಟೆಬರೆಯೆಲ್ಲ ಬೆಂಕಿ ತಡೆಯುವಂಥದ್ದಾಯಿತು. ಅಪೊಲೊ ಯಾತ್ರಿಗಳ ಸೂಟಿನ ಮೇಲಿದ್ದ ಪ್ಯಾಚ್ ಕಸೂತಿಯದ್ದಲ್ಲ. ಗಾಜಿನ ನಾರಿನಿಂದ ಮಾಡಿದ ಬೀಟಾ ಬಟ್ಟೆಯ ಮೇಲೆ ಮುದ್ರಿಸಿದ್ದು. ಕಸೂತಿ ಪ್ಯಾಚ್ ಜಾಸ್ತಿ ಬಳಕೆಯಾಗಿದ್ದು ಭೂಮಿಯ ಮೇಲಿನ ಜಾಕೆಟ್‌ಗಳಿಗೆ, ಮತ್ತೆ ಮಾರಾಟಕ್ಕೆ.

3. ಈಗ ತಿರುಗಿಸಿ. ಇಲ್ಲಿ ಅವಸರ ಬೇಡ. ಒಂದು ಭೂತಗನ್ನಡಿ ಮತ್ತು ಒಳ್ಳೆಯ ಬೆಳಕು ಬೇಕು. ಜೊತೆಗೆ ಇನ್ನೊಂದು ವಸ್ತು ಬೇಕೇ ಬೇಕು: ಅದೇ ಯಾನದ ಹೊಸ ಪ್ಯಾಚ್. ಉತ್ತರ ಕೆರೊಲಿನಾದ ವೀವರ್‌ವಿಲ್‌ನ ಎ-ಬಿ ಎಂಬ್ಲೆಮ್ 1970ರಿಂದ ನಾಸಾಕ್ಕೆ ಪ್ಯಾಚ್ ಮಾಡಿಕೊಡುತ್ತಿದೆ. ಹಳೇ ಯಾನಗಳ ಪ್ಯಾಚ್‌ಗಳನ್ನು ಇಂದಿಗೂ ಹೊಲಿದು ಮಾರುತ್ತಿದೆ. ಅಂದರೆ ಅದೇ ಕಂಪನಿ, ಅದೇ ಚಿತ್ರ, ನಡುವೆ ಐವತ್ತು ವರ್ಷ! ಮುಂಬದಿಯಿಂದ ವಯಸ್ಸು ಹೇಳುವುದು ಕಷ್ಟ ಏಕೆಂದು ಈಗ ಗೊತ್ತಾಯಿತಲ್ವಾ? ಹೊಸದನ್ನು ಅಗ್ಗಕ್ಕೆ ಕೊಂಡು, ಹಳೆಯದು ಎನ್ನುವುದರ ಪಕ್ಕ ಬೋರಲು ಇಡಿ.

ನಮ್ಮ ಧಾರವಾಡ ಕಸೂತಿಯ ಗವಂತಿ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ. ಯಂತ್ರದ ಕಸೂತಿ ಹಾಗಲ್ಲ. ಅದು ಹುಟ್ಟಿದ ರೀತಿಯೆಲ್ಲ ಹಿಂದೆ ಉಳಿದಿರುತ್ತದೆ. ಹಳೇ ಪ್ಯಾಚ್‌ಗಳು ಹೆಚ್ಚಾಗಿ ಶಿಫ್ಲಿ ಯಂತ್ರದವು. ಸ್ವಿಸ್ ಮಾತಿನಲ್ಲಿ ಶಿಫ್ಲಿ ಎಂದರೆ ಪುಟ್ಟ ದೋಣಿ. ಅದರ ಲಾಳಿ ದೋಣಿಯಂತಿದೆ, ಅದಕ್ಕೇ ಆ ಹೆಸರು. ಉದ್ದ ಸಾಲಿನ ಸೂಜಿಗಳೆಲ್ಲ ಒಟ್ಟಿಗೆ ಕುಕ್ಕುತ್ತವೆ, ಬಟ್ಟೆಯ ಚೌಕಟ್ಟು ಮಾತ್ರ ಸರಿದಾಡುತ್ತದೆ. ಈಗಿನ ಕಂಪ್ಯೂಟರ್ ಯಂತ್ರದ ಕೆಲಸದಲ್ಲಿ ಹಿಂಬದಿಯ ಬಿಳಿ ನೂಲು ಸಾಮಾನ್ಯವಾಗಿ ಪ್ರತಿ ಅಕ್ಷರದ ನಟ್ಟನಡುವೆ ಗೆರೆ ಎಳೆದಂತೆ ಅಚ್ಚುಕಟ್ಟಾಗಿ ಓಡುತ್ತದೆ. ಅಷ್ಟು ಅಚ್ಚುಕಟ್ಟು ಕಂಡರೆ ನನಗೆ ಅನುಮಾನ ಶುರು.

ಆಮೇಲೆ ಹಿಂಬದಿಯ ಹೊದಿಕೆ. ಜಾಳಾದ ಬಟ್ಟೆ ಇದ್ದರೆ ಒಳ್ಳೆಯ ಸೂಚನೆ. ಹೊಳೆಯುವ ಹೊಸ ಪ್ಲಾಸ್ಟಿಕ್ ಪದರ ಇದ್ದರೆ ಬೆಲೆ ಇಳಿಸಿ ಕೇಳಿ. ಹಳೇ ಪ್ಲಾಸ್ಟಿಕ್ ಹಳದಿ ತಿರುಗಿ ಬಿರುಕು ಬಿಟ್ಟಿರಬಹುದು, ಹಾಗಾಗಿ ಪ್ಲಾಸ್ಟಿಕ್ ಎಂದ ತಕ್ಷಣ ಹೊಸದು ಎನ್ನಬೇಡಿ. ಕೊನೆಗೆ ಅಂಚು. ದಪ್ಪ ಹಗ್ಗದಂತೆ ಸುತ್ತಿದ ಅಂಚಿಗೆ ಮೆರೋ ಅಂಚು ಎನ್ನುತ್ತಾರೆ. ಅದು ಮುಗಿಯುವಲ್ಲಿ ಪುಟ್ಟ ಜುಟ್ಟು ಉಳಿಯುತ್ತದೆ, ಅದನ್ನು ಹಿಂದಕ್ಕೆ ಮಡಚಿ ಅಂಟಿಸಿರುತ್ತಾರೆ. ಜುಟ್ಟಿನ ಅಂಟು ಒಣಗಿ ಕಂದು ಬಣ್ಣವಾಗಿದೆಯಾ? ಇನ್ನೂ ಪಾರದರ್ಶಕವಾಗಿ ಮೆತ್ತಗಿದೆಯಾ? ಬೆರಳಿನಿಂದ ಮುಟ್ಟಿ ನೋಡಿ.

ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿದರೆ ಸಾಕು, ನೂಲು ಹೊಳೆದರೆ ನಕಲಿ ಎಂದು ಕೆಲವರು ಹೇಳುತ್ತಾರೆ. ಸಾಲದು. ಈಗಿನ ಬಿಳಿ ಪಾಲಿಯೆಸ್ಟರ್ ನೂಲು ಹೊಳೆಯುವುದು ನಿಜ. ಆದರೆ ಬಟ್ಟೆ ಸೋಪಿನಲ್ಲೂ ಹೊಳೆಯುವ ರಾಸಾಯನಿಕ ಇರುತ್ತದೆ. ಜಾಕೆಟ್ ಜೊತೆ ಒಮ್ಮೆ ಒಗೆದ ಅಸಲಿ ಪ್ಯಾಚೂ ಹೊಳೆಯುತ್ತದೆ. ಟಾರ್ಚನ್ನು ಕೊನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಿ, ಮೊದಲನೆಯದಾಗಿ ಅಲ್ಲ.

4. ಮುಂಬದಿಯ ಸಣ್ಣ ವಿವರ ಎಣಿಸಿ. ಅಪೊಲೊ 9ರಲ್ಲಿ ಮೆಕ್‌ಡಿವಿಟ್ ಹೆಸರಿನ 'ಡಿ' ಅಕ್ಷರದ ಒಳಗೆ ಕೆಂಪು ತುಂಬಿರಬೇಕು, ನಾಸಾ ಯಾನಗಳಿಗೆ ಅಕ್ಷರ ಕೊಟ್ಟಿದ್ದ ಯೋಜನೆಯಲ್ಲಿ ಅದು 'ಡಿ' ಯಾನವಾಗಿತ್ತು. ಅಪೊಲೊ 12ರಲ್ಲಿ ನಕ್ಷತ್ರ ನಾಲ್ಕು. ಮೂರು ಹೋದವರಿಗೆ, ನಾಲ್ಕನೆಯದು ಅದಕ್ಕೆ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡ ಗಗನಯಾತ್ರಿ ಸಿ.ಸಿ. ವಿಲಿಯಮ್ಸ್‌ಗೆ. ಅಪೊಲೊ 11ರಲ್ಲಿ ಆಲಿವ್ ಕೊಂಬೆ ಕೊಕ್ಕಿನಲ್ಲಲ್ಲ, ಕಾಲಿನಲ್ಲಿರಬೇಕು. ಆ ಯಾನದ ಗಗನಯಾತ್ರಿ ಕಾಲಿನ್ಸ್ ಮೊದಲು ಕೊಕ್ಕಿನಲ್ಲೇ ಬರೆದಿದ್ದರು. ಬರೀ ಉಗುರು ಚಾಚಿದ ಹದ್ದು ಹೆದರಿಸುವಂತಿದೆ ಎಂದು ಕೊಂಬೆಯನ್ನು ಕೆಳಗಿಳಿಸಿದರು.

5. ಕೊಳ್ಳುವಾಗ ಹಿಂಬದಿಯ ಫೋಟೊ ಕೇಳಿ. ಕೊಡದವರಿಂದ ಕೊಳ್ಳಬೇಡಿ. ಅಪೊಲೊ 11ರಿಂದ ಶುರು ಮಾಡಲೂ ಬೇಡಿ, ನಕಲು ಅದಕ್ಕೇ ಜಾಸ್ತಿ. ಸ್ಕೈಲ್ಯಾಬ್ ಅಥವಾ 1975ರ ಅಮೆರಿಕ-ಸೋವಿಯತ್ ಜಂಟಿ ಯಾನ ಅಪೊಲೊ-ಸೋಯುಜ್‌ನಿಂದ ಶುರು ಮಾಡಿ, ಕಣ್ಣು ಪಳಗುತ್ತದೆ. 2003ರ ಎಸ್‌ಟಿಎಸ್-107, ಅಂದರೆ ಕೊಲಂಬಿಯಾ ನೌಕೆಯ ಕೊನೆಯ ಯಾನದ ಪ್ಯಾಚನ್ನು ನಮ್ಮವರು ಅನೇಕರು ಹುಡುಕುತ್ತಾರೆ, ಕಲ್ಪನಾ ಚಾವ್ಲಾ ಹೆಸರು ಅಂಚಿನಲ್ಲೇ ಇದೆ. ಅದನ್ನು ಪ್ರೀತಿಯಿಂದ ಕೊಳ್ಳಿ, ಅಪರೂಪದ್ದೆಂದು ದುಡ್ಡು ಸುರಿಯಬೇಡಿ.

6. ಇಡುವುದು. ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಬಿಸಿಲಿಗಿಡಬೇಡಿ. ಸ್ಟೇಷನರಿ ಅಂಗಡಿಯ ಅಗ್ಗದ ಪಿವಿಸಿ ಆಲ್ಬಮ್‌ಗಳನ್ನಂತೂ ಮುಟ್ಟಲೇಬೇಡಿ. ಕೆಲವು ವರ್ಷಕ್ಕೆ ಆ ಪ್ಲಾಸ್ಟಿಕ್ ಜಿಡ್ಡು ಬಿಟ್ಟು ನೂಲಿಗೆ ಅಂಟುತ್ತದೆ. ನನ್ನ ಎರಡು ಪ್ಯಾಚ್ ಹೀಗೇ ಹಾಳಾದವು, ಈಗಲೂ ಹೊಟ್ಟೆ ಉರಿಯುತ್ತದೆ. ಪಾಲಿಪ್ರೊಪಿಲೀನ್ ಹಾಳೆ ಕೇಳಿ ಕೊಳ್ಳಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ತೆಗೆದು ಬೂಷ್ಟು ಬಂದಿದೆಯಾ ನೋಡಿ. ಎಲ್ಲಿ, ಯಾವಾಗ, ಯಾರಿಂದ ಕೊಂಡಿರಿ ಎಂದು ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಜೊತೆಗಿಡಿ. ಪ್ಯಾಚಿನ ಹಿಂಬದಿಯ ಮೇಲೆ ಮಾತ್ರ ಏನೂ ಬರೆಯಬೇಡಿ, ಮುಂದೆ ಅದನ್ನು ಕೊಳ್ಳುವವರು ನೋಡಬೇಕಾದ ಜಾಗ ಅದು.