ಉಕ್ಕರಿಸಿದ ಹಿಟ್ಟಿನ ಮುತ್ತುಗಳು

ಮೊದಲ ಸಲ ನಾನು ಬಬಲ್ ಟೀಗೆ, ಅಂದರೆ ಅಗಿಯುವ ಗುಂಡುಗಳನ್ನು ಹಾಕಿದ ತೈವಾನಿನ ತಣ್ಣನೆಯ ಹಾಲುಚಹಾಕ್ಕೆ, ಹಾಕಿದ್ದು ಊರಿನಿಂದ ತಂದ ಸಬ್ಬಕ್ಕಿ. ಗಂಡನ ಕೆಲಸದ ನಿಮಿತ್ತ ತೈವಾನಿನ ತೈಚುಂಗ್ ನಗರಕ್ಕೆ ಬಂದು ಆರು ತಿಂಗಳಾಗಿತ್ತು. ಅಂಗಡಿಯ ಲೋಟದ ತಳದಲ್ಲಿ ಕುಳಿತಿರುವ ಕಪ್ಪು ಮುತ್ತುಗಳು ಮರಗೆಣಸಿನ ಪಿಷ್ಟದವು ಎಂದು ತಿಳಿದಾಗ, ಸೇಲಂ ಕಡೆಯಿಂದ ಬರುವ ನಮ್ಮ ಸಬ್ಬಕ್ಕಿಯೂ ಅದೇ ಗೆಣಸಿನದಲ್ಲವೇ ಎಂದು ಬೀಗಿದೆ. ಬೇಯಿಸಿ ಹಾಲು ಬೆರೆಸಿದ ಚಹಾಕ್ಕೆ ಸುರಿದರೆ ಸಿಕ್ಕಿದ್ದು ತಣ್ಣಗಿನ ಪಾಯಸ. ಕಾಳು ಹಲ್ಲಿಗೆ ಸಿಗದೆ ಗಂಟಲಿಗೆ ಜಾರುತ್ತಿತ್ತು. ಉಳಿದದ್ದು ಹತ್ತೇ ನಿಮಿಷದಲ್ಲಿ ತಳಕ್ಕೆ ಅಂಟಿ ಮುದ್ದೆಯಾಯಿತು.

ಇಲ್ಲಿಯವರು ಮುತ್ತಿನ ಗುಣವನ್ನು ಇಂಗ್ಲಿಷಿನ ಒಂದೇ ಅಕ್ಷರದಲ್ಲಿ ಹೇಳಿಬಿಡುತ್ತಾರೆ: ‘ಕ್ಯೂ’. ಹಲ್ಲು ಒತ್ತಿದಾಗ ತಗ್ಗಿ, ಮತ್ತೆ ಪುಟಿದೇಳಬೇಕು. ಬಹಳ ಚೆನ್ನಾಗಿದ್ದರೆ ‘ಕ್ಯೂಕ್ಯೂ’. ಕನ್ನಡದಲ್ಲಿ ಇದಕ್ಕೊಂದು ಮಾತು ಹುಡುಕಿ ಸೋತಿದ್ದೇನೆ; ‘ಜಿಗುಟು’ ಎಂದರೆ ಬೈದಂತಾಗುತ್ತದೆ.

ಎರಡನೆಯ ಸಲ ಮರಗೆಣಸಿನ ಪಿಷ್ಟವನ್ನೇ ತಂದು, ಬೆಲ್ಲದ ನೀರನ್ನು ಆರಿಸಿ ಕಲೆಸಿದೆ. ಹಿಡಿಯಲ್ಲಿ ಒತ್ತಿದರೆ ಕಲ್ಲು, ಬಿಟ್ಟರೆ ಬೆರಳ ಸಂದಿಯಿಂದ ಇಳಿದುಹೋಗುವ ನೀರು. ತೀರ್ಥಹಳ್ಳಿಯಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. “ಅಲ್ಲವೇ, ರೊಟ್ಟಿಯ ಹಿಟ್ಟನ್ನು ಕುದಿನೀರಿಗೆ ಹಾಕಿ ಉಕ್ಕರಿಸುವುದನ್ನು ಇಷ್ಟು ವರ್ಷ ನೋಡಿಲ್ಲವೇನೇ?” ಎಂದಳು. ಅಮ್ಮ ಬಬಲ್ ಟೀಯನ್ನು ಕಂಡವಳೇ ಅಲ್ಲ.

ಈಗ ನನ್ನ ಅಳತೆ ಹೀಗಿದೆ. ಪಿಷ್ಟ 120 ಗ್ರಾಂ, ನೀರು 60 ಮಿಲಿಲೀಟರ್, ಕಂದು ಸಕ್ಕರೆ 40 ಗ್ರಾಂ. ಸಕ್ಕರೆ ಕರಗಿ ನೀರು ಮರಳುವಾಗ ಪಿಷ್ಟದ ಮೂರನೆಯ ಒಂದು ಭಾಗವನ್ನು ಹಾಕಿ, ಉರಿ ಆರಿಸಿ ತಿರುವುತ್ತೇನೆ. ಆ ಶಾಖಕ್ಕೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಉಳಿದ ಹಿಟ್ಟನ್ನು ಹಿಡಿದಿಡುವುದು ಈ ಅಂಟು. ಕೈ ಸುಡುವಷ್ಟು ಬಿಸಿಯಿರುವಾಗಲೇ ಉಳಿದದ್ದನ್ನು ಸೇರಿಸಿ ನಾದಬೇಕು. ಎಳೆ ಹೊಸೆದು, ಕತ್ತರಿಸಿ, ಕಡಲೆಗಿಂತ ಚಿಕ್ಕ ಉಂಡೆ ಮಾಡಿ, ಒಣಪಿಷ್ಟದಲ್ಲಿ ಹೊರಳಿಸುತ್ತೇನೆ. ಬೆಂದಾಗ ಉಬ್ಬುತ್ತವೆ, ಇದನ್ನು ಮರೆತ ದಿನ ಒಂದೂ ಸ್ಟ್ರಾದೊಳಗೆ ಏರಲಿಲ್ಲ. ಧಾರಾಳ ಕುದಿನೀರಿನಲ್ಲಿ 25 ನಿಮಿಷ, ಮುಚ್ಚಳ ಮುಚ್ಚಿ ಇನ್ನೊಂದು 20 ನಿಮಿಷ, ಆಮೇಲೆ ಸಕ್ಕರೆಯ ಪಾಕಕ್ಕೆ. ಕತ್ತರಿಸಿ ನೋಡಿದಾಗ ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲ.

ಚಹಾ ಗಟ್ಟಿಯಾಗಿರಬೇಕು. ನಾನು ಬಳಸುವುದು ತೈವಾನಿನ ಸೂರ್ಯಚಂದ್ರ ಸರೋವರದ ಬಳಿ ಬೆಳೆದ ಎಲೆ. ಜಪಾನಿಯರು ಆಳುತ್ತಿದ್ದಾಗ ಅಲ್ಲಿಗೆ ಬಂದ ಅಸ್ಸಾಮ್ ತಳಿ. ಅಂಗಡಿಗಳಲ್ಲಿ ಹಲವೆಡೆ ಹಾಲಿನ ಬದಲು ಕ್ರೀಮರ್ ಪುಡಿ ಹಾಕುತ್ತಾರೆ. ನನಗೆ ಹಾಲೇ ಸರಿ. ಮಂಜುಗಡ್ಡೆಯೊಡನೆ ಡಬ್ಬಿಯಲ್ಲಿ ಕುಲುಕಿದಾಗ ಮೇಲೆ ನೊರೆ ನಿಲ್ಲುತ್ತದೆ. ಹೆಸರಿನ ‘ಬಬಲ್’ ಬಂದದ್ದು ಆ ನೊರೆಯಿಂದ. ಇಂದು ಎಲ್ಲರೂ ಗುಂಡುಗಳಿಗೇ ಆ ಹೆಸರು ಕೊಡುತ್ತಾರೆ.

ಮೊದಲು ಮಾಡಿದವರು ಯಾರು ಎಂದು ಇಲ್ಲಿ ಕೇಳಬಾರದು. ನಮ್ಮ ತೈಚುಂಗ್‌ನ ಚುನ್ ಶುಯಿ ಟಾಂಗ್ ಚಹಾಮನೆ, 1980ರ ದಶಕದ ಕೊನೆಗೆ ತನ್ನ ಉದ್ಯೋಗಿ ಲಿನ್ ಶಿಯು-ಹುಯಿ ಅವರು ತಣ್ಣನೆಯ ಚಹಾಕ್ಕೆ ಈ ಗುಂಡುಗಳನ್ನು ಸುರಿದದ್ದೇ ಮೊದಲು ಎನ್ನುತ್ತದೆ. ತೈನಾನ್ ನಗರದ ಹಾನ್‌ಲಿನ್ ಚಹಾಮನೆಯ ತು ತ್ಸೊಂಗ್-ಹೆ ಅವರು 1986ರಲ್ಲೇ, ಮಾರುಕಟ್ಟೆಯಲ್ಲಿ ಕಂಡ ಬಿಳಿ ಗುಂಡುಗಳಿಂದ ಶುರುಮಾಡಿದೆ ಎನ್ನುತ್ತಾರೆ. ಹತ್ತು ವರ್ಷ ನಡೆದ ವ್ಯಾಜ್ಯ 2019ರಲ್ಲಿ ಮುಗಿಯಿತು: ಇದನ್ನು ಯಾರು ಬೇಕಾದರೂ ಮಾಡಬಹುದು, ಮೊದಲಿಗರನ್ನು ಗೊತ್ತುಮಾಡುವ ಅಗತ್ಯವಿಲ್ಲ ಎಂದಿತು ನ್ಯಾಯಾಲಯ. ಉಡುಪಿ ಹೋಟೆಲುಗಳು ಮಸಾಲೆ ದೋಸೆಗಾಗಿ ಹೀಗೆ ಜಗಳಕ್ಕಿಳಿದರೆ ಎಷ್ಟು ತಲೆಮಾರು ಬೇಕೋ! ಗುಂಡುಗಳನ್ನು ಮಂಜಿನ ಹುಡಿಯ ಮೇಲೆ ಹಾಕಿ ತಿನ್ನುವುದು ಇಲ್ಲಿ ಚಹಾಕ್ಕೆ ಹಾಕುವುದಕ್ಕೂ ಹಿಂದಿನ ರೂಢಿ. ವಲಸೆ ಹೋದ ತೈವಾನಿಯರು ಬಬಲ್ ಟೀಯನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದರು. ಈಗ ಬೆಂಗಳೂರಿನ ಮಾಲ್‌ಗಳಲ್ಲೂ ಸಿಗುತ್ತದೆ.

ಮುತ್ತನ್ನು ಫ್ರಿಜ್‌ನಲ್ಲಿ ಇಡಬೇಡಿ. ಒಮ್ಮೆ ಇಟ್ಟು, ಮರುದಿನ ಸೀಮೆಸುಣ್ಣ ಅಗಿದಿದ್ದೇನೆ. ಮಾಡಿದ ನಾಲ್ಕು ಗಂಟೆಯೊಳಗೆ ಮುಗಿಸಿ.

ಕಳೆದ ಬೇಸಗೆಯಲ್ಲಿ ತೀರ್ಥಹಳ್ಳಿಯಲ್ಲೂ ಮಾಡಿದೆ. ಹಿಟ್ಟನ್ನು ಅಮ್ಮನೇ ಉಕ್ಕರಿಸಿದಳು, ನನ್ನ ಅರ್ಧ ಹೊತ್ತಿನಲ್ಲಿ. ದಪ್ಪನೆಯ ಸ್ಟ್ರಾವನ್ನು ತಿರುಗಿಸಿ ನೋಡಿ ಬದಿಗಿಟ್ಟು, ಚಮಚ ತಂದು ಮುತ್ತುಗಳನ್ನಷ್ಟೇ ತಿಂದು, ಚಹಾವನ್ನು ಒಲೆಯ ಮೇಲೆ ಬಿಸಿಗಿಟ್ಟಳು.