ಎಣಿಸಿ, ಆಮೇಲೆ ಸ್ಕ್ಯಾನ್: ತೆರಿಗೆ ದಾಖಲೆಗಳಿಗೆ ನಾನು ಇಟ್ಟುಕೊಂಡ ಕ್ರಮ

ಗ್ರಾಹಕರು ಕಾಗದದ ಕಟ್ಟು ಕೊಟ್ಟ ಕೂಡಲೇ ನಾನು ಸ್ಕ್ಯಾನರ್ ಹತ್ತಿರ ಹೋಗುವುದಿಲ್ಲ, ಮೊದಲು ಎಣಿಸುತ್ತೇನೆ. 41 ಹಾಳೆ, ಅದರಲ್ಲಿ 6ಕ್ಕೆ ಎರಡೂ ಬದಿ ಅಚ್ಚು, ಅಂದರೆ ಫೈಲಿನಲ್ಲಿ 47 ಪುಟ ಇರಬೇಕು ಎಂದು ಒಂದು ಮೇಲುಚೀಟಿಯಲ್ಲಿ ಬರೆದಿಡುತ್ತೇನೆ. ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಒಳಗೆ ಹೋದದ್ದು ಈ ಒಂದು ಸಂಖ್ಯೆಯಿಂದಲೇ ಗೊತ್ತಾಗುತ್ತದೆ. ಖಾಲಿ ಪುಟಗಳನ್ನು ತಾನೇ ತೆಗೆಯುವ ಸೌಲಭ್ಯವನ್ನು ಆಫ್ ಮಾಡಿರುತ್ತೇನೆ. ಮಸುಕಾದ ರಸೀದಿಯನ್ನೂ ಅದು ಖಾಲಿ ಎಂದುಕೊಂಡು ಬಿಟ್ಟುಬಿಡಬಹುದು.

ಥರ್ಮಲ್ ಕಾಗದದ ರಸೀದಿಗಳನ್ನು ಬಂದ ದಿನವೇ, ಬೇರೆಯಾಗಿ, ಗಾಜಿನ ಮೇಲೆ ಇಟ್ಟು ಸ್ಕ್ಯಾನ್ ಮಾಡುತ್ತೇನೆ. ಅದರಲ್ಲಿ ಶಾಯಿ ಇರುವುದಿಲ್ಲ, ಬಿಸಿಗೆ ಕಪ್ಪಾಗುವ ಲೇಪನ ಅಷ್ಟೆ. ಬಿಸಿಲಿಗೆ ಅಕ್ಷರ ಅಳಿಸುತ್ತದೆ, ಅಂಟುಟೇಪಿನ ಕೆಳಗೂ ಮಸುಕಾಗುತ್ತದೆ. ಲ್ಯಾಮಿನೇಟ್ ಮಾಡಿದರೆ ಇಡೀ ಚೀಟಿ ಕಪ್ಪಾಗುತ್ತದೆ.

ಉಳಿದದ್ದಕ್ಕೆಲ್ಲ 300 ಡಿಪಿಐ (ಇಂಚಿಗೆ 300 ಚುಕ್ಕಿ), ಗ್ರೇಸ್ಕೇಲ್, ಅಂದರೆ ಬೂದು ಛಾಯೆಗಳೂ ಉಳಿಯುವ ಬಗೆ. ಮೊಹರು, ಬಣ್ಣದ ಟಿಪ್ಪಣಿ ಇದ್ದರೆ ಕಲರ್. ಬರೀ ಕಪ್ಪು-ಬಿಳುಪಿನಲ್ಲಿ ಪೆನ್ಸಿಲ್ ಬರಹ ಮಾಯವಾಗುತ್ತದೆ. ಫೈಲ್ ಚಿಕ್ಕದಾಗಲಿ ಎಂದು ಕಂಪ್ರೆಶನ್ ಹೆಚ್ಚಿಸುವುದನ್ನು ನಾನು ಒಪ್ಪುವುದೇ ಇಲ್ಲ. ಒಂದೇ ಥರ ಕಾಣುವ ಅಂಕಿಗಳನ್ನು ಒಂದೇ ಎಂದು ಭಾವಿಸಿದ ಕಂಪ್ರೆಶನ್‌ನಿಂದ 6 ಇದ್ದಲ್ಲಿ 8 ಮೂಡುತ್ತಿದ್ದದ್ದು 2013ರಲ್ಲಿ ಬೆಳಕಿಗೆ ಬಂತು. ಅಂಥ ಪುಟ ಸ್ವಚ್ಛವಾಗಿಯೇ ಕಾಣುತ್ತದೆ, ಅನುಮಾನವೇ ಬರುವುದಿಲ್ಲ.

ಓಸಿಆರ್, ಅಂದರೆ ಸ್ಕ್ಯಾನ್ ಚಿತ್ರದಲ್ಲಿನ ಅಕ್ಷರ ಓದಿ ಪಠ್ಯವಾಗಿಸುವ ತಂತ್ರಾಂಶ, ಹಾಕುವುದು ಹುಡುಕಲು ಮಾತ್ರ. ಅದು ಓದಿದ ಮೊತ್ತವನ್ನು ಹಾಗೆಯೇ ಲೆಕ್ಕಕ್ಕೆ ಎತ್ತಿಕೊಳ್ಳುವುದಿಲ್ಲ: ದಶಮಾಂಶ ಬಿಂದು ಕಳೆದುಹೋಗುತ್ತದೆ, 1 ಹೋಗಿ 7 ಆಗುತ್ತದೆ. ನಮೂದಿಸಿದ ಸಾಲುಗಳನ್ನು ಕೂಡಿ, ಕಾಗದದ ಬುಡದಲ್ಲಿ ಅಚ್ಚಾದ ಒಟ್ಟು ಮೊತ್ತಕ್ಕೆ ತಾಳೆ ನೋಡುತ್ತೇನೆ. ಈ ಕೆಲಸಕ್ಕೆ ನನಗೆ ಇಂದಿಗೂ ಮೇಜಿನ ಮೇಲೆ ಹರಡಿದ ಕಾಗದ ಮತ್ತು ಕೆಂಪು ಪೆನ್ಸಿಲ್ಲೇ ಬೇಕು. ಪರದೆಯಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅಂಕಿ ತಲೆಯಿಂದ ಜಾರುತ್ತದೆ.

ಬ್ಯಾಂಕಿನಿಂದ ಪಿಡಿಎಫ್ ಆಗಿಯೇ ಬಂದ ಸ್ಟೇಟ್‌ಮೆಂಟನ್ನು ಗ್ರಾಹಕರು ಪ್ರಿಂಟ್ ತೆಗೆದು ತಂದರೆ ಮೂಲ ಫೈಲನ್ನೇ ಕೇಳುತ್ತೇನೆ. ಪ್ರಿಂಟ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿದರೆ ಒಳಗಿದ್ದ ಪಠ್ಯ ಚಿತ್ರವಾಗುತ್ತದೆ, ಡಿಜಿಟಲ್ ಸಹಿಯಿದ್ದರೆ ಅದೂ ಹೋಯಿತು.

ಫೈಲಿನ ಹೆಸರು ವರ್ಷ-ತಿಂಗಳು-ದಿನ, ಗ್ರಾಹಕರ ಸಂಕೇತ, ದಾಖಲೆಯ ಬಗೆ, ಮೊತ್ತ, ಇದೇ ಸರದಿಯಲ್ಲಿ. ತಿಂಗಳು, ದಿನ ಒಂದಂಕಿಯದಾದರೆ ಮುಂದೆ ಸೊನ್ನೆ ಹಾಕುತ್ತೇನೆ. ಇಲ್ಲದಿದ್ದರೆ ಸರದಿ ಕೆಡುತ್ತದೆ. ‘ಹೊಸದು’, ‘ಕೊನೆಯದು’ ಎಂಬ ಹೆಸರು ಯಾರೂ ಇಡುವಂತಿಲ್ಲ.

ಪ್ರತಿಗಳು ಮೂರು: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಬೇರೆ ಕಟ್ಟಡದಲ್ಲಿ ಒಂದು, ಎಲ್ಲಕ್ಕೂ ಎನ್‌ಕ್ರಿಪ್ಶನ್ (ಕೀಲಿಪದವಿಲ್ಲದೆ ಯಾರೂ ಓದಲಾಗದ ಗೂಢಲಿಪಿ). ಸಿಂಕ್ ಆಗುವ ಫೋಲ್ಡರನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಯಾವುದಾದರೂ ಒಂದು ಫೈಲನ್ನು ಹಿಂದಕ್ಕೆ ತಂದು ತೆರೆದು ನೋಡುತ್ತೇನೆ.

ಪುಟಗಳ ಎಣಿಕೆ ಸರಿಹೊಂದಿ, ಪ್ರತಿ ಪುಟವನ್ನೂ ಕಣ್ಣಾರೆ ನೋಡಿ, ಬ್ಯಾಕಪ್ ಮುಗಿದ ಮೇಲಷ್ಟೇ ಕಾಗದ ವಾಪಸ್. ಆಗ ಅದೇ ಮೇಲುಚೀಟಿಯ ಮೇಲೆ ಗ್ರಾಹಕರ ಸಹಿ ಪಡೆದು, ಅದನ್ನೂ ಸ್ಕ್ಯಾನ್ ಮಾಡಿ ಕಡತದ ಮೊದಲ ಪುಟವಾಗಿ ಸೇರಿಸುತ್ತೇನೆ.