ಕಂಬಿ ವೇಸ್ಟೇಜ್ ಇಳಿಸೋಕೆ ಪೈಥಾನ್ ಕಲಿತೆ

"ಸಿವಿಲ್‌ನವರಿಗೆ ಕೋಡಿಂಗ್ ಯಾಕೆ, ಎಕ್ಸೆಲ್ ಸಾಕಲ್ವಾ?" ಅಂದವರೇ ಜಾಸ್ತಿ. ಬಿಬಿಎಸ್, ಅಂದ್ರೆ ಯಾವ ಅಳತೆಯ ಕಂಬಿ ಎಷ್ಟು ಬೇಕು ಅನ್ನೋ ಪಟ್ಟಿ, ಬರೆಯೋಕೆ ಎಕ್ಸೆಲ್ ಸಾಕು, ನಿಜ. ಆದರೆ ಯಾವ ಕಂಬಿಯಲ್ಲಿ ಯಾವ್ಯಾವ ಪೀಸ್ ಕತ್ತರಿಸಬೇಕು? ದುಡ್ಡು ಸೋರೋದೇ ಅಲ್ಲಿ.

ದಾವಣಗೆರೆ ಕಡೆಯ ನಮ್ಮ ಜಿ ಪ್ಲಸ್ 3 ಕಟ್ಟಡದಲ್ಲಿ ಮಹಡಿ ಎತ್ತರ 3.4 ಮೀಟರ್. 16 ಎಂಎಂ ಕಂಬಿಗೆ 50ಡಿ ಲ್ಯಾಪ್ (ಮೇಲಿನ ಕಂಬಿಗೆ ಜೋಡಿಸೋಕೆ ಬಿಡೋ ಉದ್ದ, ದಪ್ಪದ 50 ಪಟ್ಟು) 0.8 ಸೇರಿದರೆ ಕಾಲಮ್ ಕಂಬಿ 4.2. 12 ಮೀಟರಿನ ಕಂಬಿಯಲ್ಲಿ ಎರಡೇ ಬರುತ್ತೆ, 3.6 ಉಳಿಯುತ್ತೆ. ಅಷ್ಟೇ ತುಂಡು 5.7 ಕೆಜಿ, ಆಗಿನ ರೇಟಿಗೆ ಹತ್ತಿರ ಹತ್ತಿರ 340 ರೂಪಾಯಿ. ಅದು ಮೂಲೆ ಸೇರಿ ಕೊನೆಗೆ ಗುಜರಿಗೆ ಹೋಗ್ತಿತ್ತು. ಅದೇ ಮಹಡಿಯ ಬೀಮ್‌ಗೆ 1.75 ಮೀಟರಿನ ಎಕ್ಸ್‌ಟ್ರಾ ಟಾಪ್ (ಬೀಮ್‌ನ ಮೇಲ್ಭಾಗಕ್ಕೆ ಹಾಕೋ ಹೆಚ್ಚುವರಿ ಕಂಬಿ) ಬೇಕಿತ್ತು. 3.6ರಲ್ಲಿ ಅವು ಎರಡು ಬರುತ್ತವೆ, ಉಳಿಯೋದು 10 ಸೆಂಟಿಮೀಟರ್! ಇಂಥ ಜೋಡಿಗಳನ್ನು ನೂರಾರು ಸಾಲಿನಲ್ಲಿ ಹುಡುಕೋದನ್ನು ಪ್ರೋಗ್ರಾಮ್‌ಗೆ ಬಿಟ್ಟೆ.

ಕಲಿತದ್ದು ಲಿಸ್ಟ್, ಲೂಪ್, ಎಕ್ಸೆಲ್ ಓದೋಕೆ ಓಪನ್‌ಪೈಎಕ್ಸ್‌ಎಲ್, ಅಷ್ಟೇ. ಸಂಜೆ ಹೊತ್ತು ಕೂತು ಎರಡು ಮೂರು ತಿಂಗಳು ಹಿಡೀತು. ಉದ್ದದ ಪೀಸ್ ಮೊದಲು ಹಾಕು, ಉಳಿದ ಜಾಗಕ್ಕೆ ಸಣ್ಣದು ತುಂಬು. ಈ ಲೆಕ್ಕಕ್ಕೆ ನಲವತ್ತು ಸಾಲು ಸಾಕಾಯ್ತು. ಆಮೇಲೆ ಪಲ್ಪ್‌ಗೆ ಹೋದೆ, ಅತಿ ಕಮ್ಮಿ ವೇಸ್ಟೇಜ್ ಬರೋ ಜೋಡಣೆ ಹುಡುಕೋಕೆ ಅದೊಂದು ಪೈಥಾನ್ ಲೈಬ್ರರಿ.

ಮೊದಲು ಇಡೀ ಕಟ್ಟಡದ ಕಂಬಿಯನ್ನು ಒಟ್ಟಿಗೆ ಕೊಟ್ಟು ನೋಡಿದೆ. ಪೇಪರ್ ಮೇಲೆ ವೇಸ್ಟೇಜ್ 1 ಪರ್ಸೆಂಟ್‌ಗಿಂತ ಕಮ್ಮಿ. ಸೈಟಲ್ಲಿ ಮಾತ್ರ ನಡೆಯಲಿಲ್ಲ. ಫೂಟಿಂಗ್‌ನಲ್ಲಿ ಉಳಿದ ತುಂಡು ಮೂರನೇ ಸ್ಲಾಬ್‌ಗೆ ಅಂತ ಬರೆದಿದ್ದರೆ ಅಲ್ಲಿವರೆಗೆ ಅದನ್ನು ಕಾಯೋರು ಯಾರು? ಯಾರೋ ಕತ್ತರಿಸಿ ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯೋ ಸ್ಟ್ಯಾಂಡ್) ಮಾಡಿಬಿಡ್ತಾರೆ. ಈಗ ಮುಂದಿನ ಎರಡು ಸಲದ ಕಾಂಕ್ರೀಟಿಗೆ ಬೇಕಾದ ಕಂಬಿ ಮಾತ್ರ ಒಟ್ಟಿಗೆ ಲೆಕ್ಕಕ್ಕೆ ಹಾಕ್ತೀನಿ. 1 ಮೀಟರ್ ಮೇಲಿನ ತುಂಡಿಗೆ ಪೇಂಟ್ ಗುರುತು ಹಾಕಿ ಸ್ಟಾಕ್ ಶೀಟಿಗೆ ಸೇರಿಸ್ತೀನಿ. ಮುಂದಿನ ಸಲ ಪ್ರೋಗ್ರಾಮ್ ಮೊದಲು ಅದನ್ನೇ ಬಳಸುತ್ತೆ.

ಇನ್ನೊಂದು ತೊಂದರೆ ಲಾರಿಯದ್ದು. ಕಂಬಿ ಮಧ್ಯಕ್ಕೆ ಮಡಚಿ ಬರುತ್ತೆ, ಅಲ್ವಾ? 6 ಮೀಟರ್ ಹತ್ತಿರ ಸೊಟ್ಟ. ಆ ಜಾಗ ಕಾಲಮ್ ಕಂಬಿಗೆ ಸಿಗದಂತೆ ಪೀಸ್‌ಗಳ ಜೋಡಣೆಯನ್ನೇ ಬದಲಾಯಿಸಿದೆ. ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ!

ಡ್ರಾಯಿಂಗಿನಿಂದ ಬಿಬಿಎಸ್ ತಾನಾಗಿ ಬರಲಿ ಅಂತ ಕ್ಯಾಡ್ ಡ್ರಾಯಿಂಗ್ ಓದೋ ಪೈಥಾನ್ ಲೈಬ್ರರಿ ಈಜಿಡಿಎಕ್ಸ್‌ಎಫ್ ಕೂಡ ಹಚ್ಚಿದೆ. ಒಬ್ಬೊಬ್ಬ ಡ್ರಾಫ್ಟ್ಸ್‌ಮನ್ ಲೇಯರ್‌ಗೆ ಒಂದೊಂದು ಹೆಸರು ಇಟ್ಟಿರ್ತಾರೆ, ಅದಕ್ಕೇ ತಿಂಗಳು ಹೋಯ್ತು. ಈಗ ಕಾಲಮ್ ಮಾತ್ರ ಸರಿಯಾಗಿ ಓದುತ್ತೆ, ಬೀಮ್ ಇನ್ನೂ ಇಲ್ಲ.

ಬಾರ್ ಬೆಂಡಿಂಗ್ ಮೇಸ್ತ್ರಿ ಶುರುವಲ್ಲಿ ಒಪ್ಪಲಿಲ್ಲ. "ಸಾರ್, ಒಂದೇ ಅಳತೆ ಆದ್ರೆ ಸರಸರ ಕಟ್ ಮಾಡ್ತೀವಿ, ಹೀಗೆ ಹತ್ತು ಅಳತೆ ಕೊಟ್ರೆ ನಮಗೇನು ಉಳಿಯುತ್ತೆ?" ಅಂದ್ರು. ನ್ಯಾಯವಾದ ಮಾತು. ಟನ್ನಿಗೆ 300 ಜಾಸ್ತಿ ಕೊಟ್ಟೆ.

ಒಟ್ಟು ಕಂಬಿ ಸುಮಾರು 60 ಟನ್. ವೇಸ್ಟೇಜ್ ಮೊದಲೆಲ್ಲ 5 ಪರ್ಸೆಂಟ್ ಆಸುಪಾಸು ಇರ್ತಿತ್ತು, ಈ ಸಲ 2. ಹತ್ತಿರ ಹತ್ತಿರ 1.8 ಟನ್ ಉಳೀತು, ಅಂದ್ರೆ ಲಕ್ಷದ ಮೇಲೆ. ಅದು ಗುಜರಿಗೆ ಹೋಗಿದ್ದರೂ ಅರ್ಧ ದುಡ್ಡು ಬರ್ತಿತ್ತು, ಅದನ್ನೂ ಮೇಸ್ತ್ರಿಗೆ ಕೊಟ್ಟ 18 ಸಾವಿರವನ್ನೂ ಕಳೆದರೆ ಕೈಗೆ ಸಿಕ್ಕಿದ್ದು 30 ಸಾವಿರದ ಮೇಲೆ. ಒಂದೇ ಕಟ್ಟಡದಲ್ಲಿ. ಅದೇ ಫೈಲ್ ಈಗ ಇನ್ನೆರಡು ಸೈಟಲ್ಲಿ ಓಡ್ತಿದೆ.